ಪೀಠಿಕೆ ಇಲ್ಲದ ಪ್ರಶ್ನೆ

ಮಕ್ಕಳ ಆತ್ಮಹತ್ಯೆ ತಡೆಯುವ ತರಬೇತಿಗೆ ನನ್ನನ್ನು ಆರಿಸಿದ್ದು ಯೋಗ್ಯತೆ ನೋಡಿ ಅಲ್ಲ. ಸ್ಟಾಫ್ ಮೀಟಿಂಗ್ ನಡೆದ ದಿನ ನಾನು ಶಿರಸಿ ಪೇಟೆಯಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿದ್ದೆ. ದವಡೆ ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಹೊರಗೆ ಬರುವಾಗ ಹೆಡ್‌ಮಾಸ್ತರರ ಫೋನು ಬಂತು.

"ಮೇಡಂ, ಜಿಲ್ಲೆ ಮಟ್ಟದ ತರಬೇತಿಗೆ ನಮ್ಮ ಹೈಸ್ಕೂಲಿಂದ ಒಬ್ರು ಹೋಗವು. ನಿಮ್ಮ ಹೆಸರು ಕೊಟ್ಟಾತು. ಅಡ್ಡಿಲ್ಲೆ ಅಲ್ದ?"

ಆ ಬಾಯಿಂದ "ಹ್ಞೂಂ" ಬಿಟ್ಟು ಬೇರೆ ಏನೂ ಹೊರಡುವಂತಿರಲಿಲ್ಲ. ಹೀಗೆ ವಿಜ್ಞಾನ ಕಲಿಸುತ್ತಿದ್ದ ನಾನು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲೂಕುಗಳ ಸಂಪನ್ಮೂಲ ವ್ಯಕ್ತಿಯಾದೆ. ಹಲ್ಲು ಹೋಯಿತು, ಹುದ್ದೆ ಬಂತು.

ಮೂರು ದಿನ ನಮಗೆ ಪಾಠ ಮಾಡಿದ್ದು ಮಾನಸಿಕ ಆರೋಗ್ಯದ ಒಬ್ಬ ಡಾಕ್ಟರು. ನನ್ನ ಮಗನ ವಯಸ್ಸಿನವರು. ಅವರು ಹೇಳಿದ್ದರಲ್ಲಿ ಹೆಚ್ಚಿನದು ಕಷ್ಟದ್ದಲ್ಲ. ಮಗುವಿನಲ್ಲಿ ಬದಲಾವಣೆ ಕಂಡರೆ ಕಾಣದ ಹಾಗೆ ಹೋಗಬೇಡಿ. ಹತ್ತಿರ ಕೂತುಕೊಳ್ಳಿ. ಅದು ಹೇಳುವುದನ್ನು ಕೇಳಿಸಿಕೊಳ್ಳಿ, ಬುದ್ಧಿ ಹೇಳಬೇಡಿ. ಒಂಟಿಯಾಗಿ ಬಿಡಬೇಡಿ, ಮನೆಯವರನ್ನು ಕರೆಸಿ, ಡಾಕ್ಟರ ಹತ್ತಿರ ನೀವೇ ಕರೆದುಕೊಂಡು ಹೋಗಿ. ಇದೆಲ್ಲ ಆದೀತು ಅನ್ನಿಸಿತು. ಆಗದ್ದು ಒಂದೇ. ಅನುಮಾನ ಬಂದರೆ ಸುತ್ತಿ ಬಳಸದೆ ಕೇಳಬೇಕು: ನಿನಗೆ ಸಾಯಬೇಕು ಅನ್ನಿಸುತ್ತಿದೆಯಾ? ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುವುದಿಲ್ಲ, ಒಳಗೆ ಇದ್ದರೆ ಹೊರಗೆ ಬರಲು ದಾರಿಯಾಗುತ್ತದೆ ಎಂದು ಡಾಕ್ಟರು ಎರಡೆರಡು ಸಲ ಹೇಳಿದರು.

ಡಾಕ್ಟರು ಹೇಳಿದರು ಸರಿ. ಆದರೆ ನಾನು ಮಾತು ಕಲಿತದ್ದು ಅಜ್ಜಿಯಿಂದ. ಅಜ್ಜಿಯ ಬಾಯಲ್ಲಿ ಊರಲ್ಲಿ ಒಬ್ಬರೂ ಸತ್ತವರಿರಲಿಲ್ಲ. "ಹೋದ್ರು" ಇತ್ತು, "ಆಗಿ ಹೋತು" ಇತ್ತು, ತೀರಾ ಹತ್ತಿರದವರಾದರೆ ಕಣ್ಣಿಗೊತ್ತಿಕೊಳ್ಳುವ ಸೆರಗಿನ ತುದಿ ಮಾತ್ರ ಇತ್ತು. ಬಳೆ ಒಡೆದರೆ "ಬಳೆ ಹೆಚ್ಚಿತು" ಎನ್ನಬೇಕು. ದೀಪ ಆರಿಸು ಎಂದರೆ ಬೈಗುಳ, ಅದನ್ನು ಶಾಂತ ಮಾಡಬೇಕು. ಮನೆಯಿಂದ ಹೊರಡುವಾಗ "ಹೋಗ್ತೆ" ಎಂದರೆ ವಾಪಸು ಕರೆದು "ಹೋಗಿ ಬತ್ತೆ" ಅನ್ನಿಸಿಯೇ ಬಿಡುತ್ತಿದ್ದರು. ಅಜ್ಜಿಯ ಶಾಲೆಯಲ್ಲಿ ಕಲಿತ ಈ ನಾಲಿಗೆ ಆ ಪ್ರಶ್ನೆ ಕೇಳಬೇಕಿತ್ತು.

ಮನೆಯಲ್ಲಿ ಅಭ್ಯಾಸ ಮಾಡಿದೆ. ಅಭ್ಯಾಸಕ್ಕೆ ಸಿಕ್ಕಿದ್ದು ಯಜಮಾನರು, ಬೆಳಗಿನ ತಿಂಡಿ ತಿನ್ನುತ್ತಿದ್ದರು. ಎದುರಿಗೆ ಕೂತು, ಡಾಕ್ಟರು ಹೇಳಿಕೊಟ್ಟ ಹಾಗೆ ಅವರ ಮುಖ ನೋಡಿ ಕೇಳಿದೆ: "ನಿಂಗೆ ಸಾಯವು ಹೇಳಿ ಕಾಣ್ತಾ ಇದ್ದ?"

ಅವರು ಪೇಪರು ಕೆಳಗಿಟ್ಟು ಸ್ವಲ್ಪ ಹೊತ್ತು ನಿಜವಾಗಿಯೂ ಯೋಚನೆ ಮಾಡಿದರು. "ಇಲ್ಲೆ," ಎಂದರು. "ಮತ್ತೊಂದು ದೋಸೆ ಹಾಕು."

ನಾನು ಕೊಟ್ಟ ಮೊದಲ ತರಬೇತಿ ಶಿರಸಿಯಲ್ಲಿ. ಶಿಕ್ಷಕರು ಜೋಡಿ ಜೋಡಿಯಾಗಿ ಕೂತು ಒಬ್ಬರನ್ನೊಬ್ಬರು ಆ ಪ್ರಶ್ನೆ ಕೇಳಬೇಕು ಎಂದೆ. ಐದು ನಿಮಿಷ ಬಿಟ್ಟು ಸುತ್ತಾಡಿದರೆ ಕಿವಿಗೆ ಬಿದ್ದದ್ದೆಲ್ಲ ಊಟದ ವಿಚಾರ. "ಊಟ ಸಮಾ ಮಾಡ್ತ್ಯ?" "ನಿದ್ದೆ ಬತ್ತ?" "ಮನೇಲಿ ಎಲ್ಲ ಆರಾಮ?" ಒಬ್ಬರು ಹತ್ತಿರ ಹತ್ತಿರ ಹೋಗಿ, "ಕೆಲವರಿಗೆ ಏನೇನೋ ಅನ್ನಿಸ್ತಡ ಅಲ್ದ?" ಎಂದು ಕೇಳಿ ಬೆವರು ಒರೆಸಿಕೊಂಡರು. ಪ್ರಶ್ನೆಯನ್ನು ನೇರವಾಗಿ ಕೇಳಿದವರು ಒಬ್ಬರೇ, ಬನವಾಸಿ ಕಡೆಯ ಪಿ.ಟಿ. ಮಾಸ್ತರು. ಅವರು ಕೇಳಿದ್ದು ಇಡೀ ಕಾರಿಡಾರಿಗೆ ಕೇಳಿತು.

"ಏ, ಸಾಯ್ಬೇಕಂತ ಮಾಡಿಯೇನ?"

ಎದುರಿಗೆ ಕೂತಿದ್ದ ಚಿತ್ರಕಲೆಯ ಮೇಡಂ ಕುರ್ಚಿ ಹಿಂದಕ್ಕೆ ತಳ್ಳಿದರು.

"ಸರ್, ಸ್ವಲ್ಪ ಮೆತ್ತಗೆ," ಎಂದೆ.

"ನೀವ ನೇರಕ್ಕ ಕೇಳ್ರಿ ಅಂದ್ರಿ. ಕೇಳೇನಿ. ಈಗ ಮೆತ್ತಗಂತೀರಿ. ಎರಡೂ ಕೂಡಿ ನಮ್ಮ ಕಡೆ ಆಗಂಗಿಲ್ರಿ ಮೇಡಂ."

ಸಂಜೆಯ ಹೊತ್ತಿಗೆ ಅವರಿಗೆ ಎರಡೂ ಕೂಡಿ ಬಂತು. ಉಳಿದವರಿಗೆ ಬರಲು ಎರಡನೆಯ ದಿನವಾಯಿತು.

ಸಿದ್ದಾಪುರದಲ್ಲಿ ಆದದ್ದೇ ಬೇರೆ. ಅದಕ್ಕೆ ನಮ್ಮ ಕಡೆಯ ಒಂದು ಹುಚ್ಚಿನ ಬಗ್ಗೆ ಹೇಳಬೇಕು. ತಾಳಮದ್ದಲೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ, ಅಂದರೆ ಆ ದಿನದ ಕಥೆಯ, ಪದ ಹೇಳುತ್ತಾರೆ, ಪಂಚೆ ಉಟ್ಟು ಸಾಲಾಗಿ ಕೂತ ಅರ್ಥಧಾರಿಗಳು ಪುರಾಣದ ಒಂದೊಂದು ಪಾತ್ರ ವಹಿಸಿ ಆ ಕ್ಷಣಕ್ಕೆ ಮಾತು ಕಟ್ಟಿ ವಾದ ಮಾಡುತ್ತಾರೆ. ಪ್ರತಿ ಪಾತ್ರವೂ ಮೊದಲು ಒಂದು ಪೀಠಿಕೆ ಹಾಕುತ್ತದೆ: ತಾನು ಯಾರು, ಯಾಕೆ ಬಂದೆ, ಲೋಕ ಹೇಗಿದೆ. ಆಮೇಲೆ ಎದುರಿನವನನ್ನು ಮಾತಿನಲ್ಲಿ ಮಣಿಸುವುದು. ಈ ಮೂರು ತಾಲೂಕುಗಳಲ್ಲಿ ಹತ್ತು ಮಾಸ್ತರುಗಳನ್ನು ಒಂದು ಕೋಣೆಯಲ್ಲಿ ಕೂರಿಸಿದರೆ ಅದರಲ್ಲಿ ನಾಲ್ವರು ಅರ್ಥಧಾರಿಗಳಿರುತ್ತಾರೆ, ಮಿಕ್ಕವರು ಅವರನ್ನು ವಿಮರ್ಶೆ ಮಾಡುವವರು.

ಇದು ಗೊತ್ತಿದ್ದೂ ನಾನು, "ಈಗ ಒಬ್ಬರು ವಿದ್ಯಾರ್ಥಿಯ ಪಾತ್ರ ಮಾಡಿ, ಒಬ್ಬರು ಶಿಕ್ಷಕರ ಪಾತ್ರ ಮಾಡಿ," ಎಂದುಬಿಟ್ಟೆ.

ಶಿಕ್ಷಕರ ಪಾತ್ರಕ್ಕೆ ಎದ್ದು ಬಂದವರು ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರು. ಐವತ್ತು ದಾಟಿದವರು, ಅರ್ಥಗಾರಿಕೆಯಲ್ಲಿ ಹೆಸರಾದವರು. ಎದುರಿನವನ ಬಾಯಿ ಕಟ್ಟದೆ ಜಾಗ ಬಿಟ್ಟು ಎದ್ದವರಲ್ಲ ಎಂದು ಪಕ್ಕದವರು ನನ್ನ ಕಿವಿಯಲ್ಲಿ ಹೇಳಿದರು. ವಿದ್ಯಾರ್ಥಿನಿಯಾಗಿ ಕೂತವರು ಒಬ್ಬ ಹಿಂದಿ ಮಾಸ್ತರು, ಅವರೂ ಅರ್ಥಧಾರಿಯೇ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ಹತ್ತನೇ ತರಗತಿಯ ಹುಡುಗಿ ಎಂದು ನಾನು ಬರೆದುಕೊಟ್ಟ ಎರಡು ಸಾಲು ಓದಿಕೊಂಡು ಶಾಲು ಸರಿಮಾಡಿಕೊಂಡರು.

ಮಾಸ್ತರು ಪೀಠಿಕೆ ಶುರು ಮಾಡಿದರು. ಮನುಷ್ಯ ಜನ್ಮ ಎಷ್ಟು ದುರ್ಲಭ ಎಂಬಲ್ಲಿಂದ ಹೊರಟು, ಗುರುವಿನ ಸ್ಥಾನ ಯಾವುದು ಎಂಬಲ್ಲಿ ಹಾದು, ಹನ್ನೆರಡನೆಯ ನಿಮಿಷಕ್ಕೆ ಅಂಕಪಟ್ಟಿಗೆ ತಲುಪಿದರು. ಹುಡುಗಿ ಬಿಡಲಿಲ್ಲ. ಅಂಕ ಎಂಬುದನ್ನು ಸೃಷ್ಟಿಸಿದವರೇ ನೀವು, ಈಗ ಅದು ಮುಖ್ಯವಲ್ಲ ಎನ್ನಲು ನಿಮಗೆ ಅಧಿಕಾರವೇನು ಎಂದು ಎತ್ತಿದಳು. ಹಿಂದಿನ ಬೆಂಚಿನಲ್ಲಿ ಒಬ್ಬರು "ಹಾಂ, ಬಂತು" ಎಂದರು. ಮತ್ತೊಬ್ಬರು ಮೇಜಿನ ಮೇಲೆ ಬೆರಳಿನಿಂದ ಮದ್ದಲೆ ನುಡಿಸಿದರು. ಮಾಸ್ತರ ಎರಡೂ ಕೈ ಗಾಳಿಯಲ್ಲಿದ್ದವು. ಅರ್ಧ ಗಂಟೆಯ ಮೇಲೆ ಹುಡುಗಿ ತಲೆ ತಗ್ಗಿಸಿ, "ಗುರುಗಳೇ, ಸೋತೆ," ಎಂದಳು. ಸಭೆ ಚಪ್ಪಾಳೆ ಹೊಡೆಯಿತು. ಚಹಾದವನು ಕೇಟಲು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದ.

"ಕೂಸಿನ ಹತ್ರ ಆ ಪ್ರಶ್ನೆ ಕೇಳಿದ್ರ?" ಎಂದೆ. ನಮ್ಮ ಕಡೆ ಹುಡುಗಿ ಎಷ್ಟು ದೊಡ್ಡವಳಾದರೂ ಕೂಸೇ.

"ಎಂತ ಅವಶ್ಯ ಬಿತ್ತು ಮೇಡಂ? ಕೂಸು ಸೋತು ಕೂತ್ಗಂಡ್ತಲಿ."

"ಸೋತ ಕೂಸು ಮನೆಗೆ ಹೋಗಿ ಎಂತ ಮಾಡ್ತು?"

"ಅದು ಪ್ರಸಂಗದಲ್ಲಿ ಇಲ್ಲೆ," ಎಂದರು.

ಯಾರೂ ನಗಲಿಲ್ಲ. ಎಲ್ಲರೂ ಚಹಾಕ್ಕೆ ಎದ್ದರು.

ಮಧ್ಯಾಹ್ನ ಎಚ್ಚರಿಕೆಯ ಸೂಚನೆಗಳ ಪಾಠ. ಮಗು ತನಗೆ ಬಹಳ ಪ್ರೀತಿಯ ವಸ್ತುಗಳನ್ನು ಇದ್ದಕ್ಕಿದ್ದಂತೆ ಬೇರೆಯವರಿಗೆ ಕೊಟ್ಟುಬಿಡುವುದೂ ಒಂದು ಸೂಚನೆ ಎಂದೆ. ಮಾಸ್ತರು ಕೈ ಎತ್ತಿದರು. ದಾನವನ್ನು ರೋಗಲಕ್ಷಣ ಎಂದು ಹೇಳುವುದು ನಮ್ಮ ಪರಂಪರೆಗೆ ಒಪ್ಪುತ್ತದೆಯೇ ಎಂದು ಕೇಳಿ, ಒಪ್ಪುವುದಿಲ್ಲ ಎಂದು ತಾವೇ ಕಾಲು ಗಂಟೆ ಸಾಧಿಸಿದರು. ಡಾಕ್ಟರು ಕೊಟ್ಟ ಪುಸ್ತಕ ತಿರುವಿ ನೋಡಿದೆ, ದಾನದ ವಿಚಾರ ಅದರಲ್ಲಿ ಇರಲಿಲ್ಲ. ಸಂಜೆ ಅಭಿಪ್ರಾಯದ ಹಾಳೆಯಲ್ಲಿ ಅವರು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: "ತರಬೇತಿ ಉತ್ತಮ. ವಾದಕ್ಕೆ ಸಮಯ ಸಾಲಲಿಲ್ಲ."

ಅವರಿಗೆ ಏನೂ ತಲುಪಲಿಲ್ಲ ಎಂದು ನಾನು ತೀರ್ಮಾನಿಸಿದೆ. ತರಬೇತಿ ಕೊಡುವವರು ಇಂಥ ತೀರ್ಮಾನಗಳನ್ನು ಸಂಜೆಯ ಬಸ್ಸಿನಲ್ಲಿ ಮಾಡುತ್ತಾರೆ.

ಸುಮಾರು ಒಂದು ತಿಂಗಳಾಗಿರಬೇಕು. ಯಲ್ಲಾಪುರದಲ್ಲಿ ಎರಡನೆಯ ತಂಡಕ್ಕೆ ಪಾಠ ನಡೆಯುತ್ತಿತ್ತು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನು ಮೂರು ಸಲ ಬಡಿದುಕೊಂಡಿತು. ಮೂರನೆಯದಕ್ಕೆ ಹೊರಗೆ ಹೋಗಿ ಎತ್ತಿದೆ. ಸಿದ್ದಾಪುರದ ಅದೇ ಮಾಸ್ತರು. ತರಬೇತಿಯಲ್ಲಿ ಮೇಡಂ ಆಗಿದ್ದವಳು ಆ ಹೊತ್ತಿಗೆ ತಂಗಿಯಾಗಿದ್ದೆ.

"ತಂಗಿ, ಒಂದು ಕೂಸು. ನಮ್ಮಲ್ಲೇ, ಹತ್ತನೇ ಕ್ಲಾಸು."

"ಎಂತಾತು?"

"ಎಂತ ಆಯ್ದಿಲ್ಲೆ. ಆಗ್ತು ಹೇಳಿ ಕಾಣ್ತು ಯಂಗೆ."

ಅವರು ಹೇಳಿದ್ದಿಷ್ಟು. ಆ ಹುಡುಗಿ ಶಾಲೆಯ ಚರ್ಚಾ ಸ್ಪರ್ಧೆಯ ಮಾತುಗಾರ್ತಿ. ಮೂರು ವರ್ಷದಿಂದ ಅವಳನ್ನು ತಯಾರು ಮಾಡಿದವರು ಇವರೇ. ಪರ ವಿರೋಧದ ಅಂಶಗಳನ್ನೆಲ್ಲ ಅವಳು ಖಾಕಿ ರಟ್ಟು ಹಾಕಿದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು, ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಕೆಲವು ವಾರಗಳಿಂದ ಕ್ಲಾಸಿನಲ್ಲಿ ಒಂದು ಮಾತಿಲ್ಲ. ಅಂದು ಬೆಳಿಗ್ಗೆ ಆ ನೋಟ್‌ಬುಕ್ಕನ್ನು ಒಂಬತ್ತನೆಯ ತರಗತಿಯ ಹುಡುಗಿಗೆ ಕೊಟ್ಟು, "ನೀನೇ ಇಟ್ಕ, ನಂಗೆ ಇನ್ನು ಬೇಡ" ಅಂದಿದ್ದಳು. ಆ ಒಂಬತ್ತನೆಯವಳು ಖುಷಿಯಿಂದ ಅದನ್ನು ತಂದು ಮಾಸ್ತರಿಗೆ ತೋರಿಸಿದ್ದಳು.

"ನೀ ಹೇಳಿದ್ಯಲೆ ಅವತ್ತು. ಆನು ದಾನ ಗೀನ ಹೇಳಿ ವಾದ ಮಾಡ್ದಿ," ಎಂದರು. "ನೀ ಬಾ. ನೀನೇ ಕೇಳು. ಕೂಸು ಎಲ್ಲೂ ಹೋಗದ ಹಂಗೆ ನೋಡ್ಕತ್ತೆ."

"ಆನು ಯಲ್ಲಾಪುರದಲ್ಲಿದ್ದೆ. ಅಲ್ಲಿಗೆ ಬರಲೆ ಮಧ್ಯಾಹ್ನ ಆಗ್ತು. ನೀವೇ ಕೇಳವು. ಈಗ್ಲೇ."

"ತಂಗಿ, ಆ ಕೂಸಿಗೆ ವಾದ ಕಲಿಸಿದವ ಆನು. ಆನು ಒಂದು ಹೇಳಿದ್ರೆ ಅದು ಎರಡು ಹೇಳ್ತು. ಅದೇ ಗೆಲ್ತು. ಅದು ಗೆದ್ರೆ ಎಂತ ಮಾಡದು?"

ಅವರ ದನಿ ಹಾಗೆ ಇಳಿದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ವಾದ ಮಾಡದು ಬ್ಯಾಡ. ಹತ್ರ ಕೂತ್ಗಂಡು ಕೇಳಿ, ಸಾಯವು ಹೇಳಿ ಕಾಣ್ತಾ ಇದ್ದ ನಿಂಗೆ ಹೇಳಿ. ಆಮೇಲೆ ಅದು ಎಂತ ಹೇಳಿದ್ರೂ ಸುಮ್ಮಂಗಿರಿ."

"ಪೀಠಿಕೆ?"

"ಪೀಠಿಕೆ ಬ್ಯಾಡ."

"ಸೀದಾ ಅದನ್ನೇ?"

"ಸೀದಾ ಅದನ್ನೇ. ಅದು ಸುಮ್ಮಂಗಿದ್ರೆ ನೀವೂ ಸುಮ್ಮಂಗಿರಿ. ಹೌದು ಹೇಳಿದ್ರೆ ಬೈಯದು ಬ್ಯಾಡ, ಹೆದ್ರಿಸದು ಬ್ಯಾಡ. ಒಂದು ಗಳಿಗೆನೂ ಒಂಟಿ ಬಿಡದು ಬ್ಯಾಡ. ಅಮ್ಮಂಗೆ ಫೋನು ಮಾಡ್ಸಿ, ಆಸ್ಪತ್ರೆಗೆ ನೀವೇ ಹೋಗಿ."

"ಆತು," ಎಂದರು. ಫೋನು ಇಟ್ಟರು.

ತಂಡವನ್ನು ಜೊತೆಯವರಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಆ ಪ್ರಯಾಣದ ಬಗ್ಗೆ ಹೇಳಲು ವಿಶೇಷವಿಲ್ಲ. ಯಲ್ಲಾಪುರದಿಂದ ಶಿರಸಿಗೆ ಒಂದು ಬಸ್ಸು, ಶಿರಸಿಯಿಂದ ಸಿದ್ದಾಪುರದ ಕಡೆಗೆ ಇನ್ನೊಂದು. ಎರಡನೆಯದರಲ್ಲಿ ಕಂಡಕ್ಟರು ಚಿಲ್ಲರೆ ಇಲ್ಲ ಎಂದು ಎಲ್ಲರ ಹತ್ತಿರ ಜಗಳ ಆಡುತ್ತಿದ್ದ. ನನಗೆ ಮಾತ್ರ ಏನೂ ಅನ್ನಲಿಲ್ಲ, ನನ್ನ ಮುಖ ಹಾಗಿತ್ತೇನೋ. ನಾನು ಫೋನು ಮಾಡಲಿಲ್ಲ. ಹುಡುಗಿ ಮಾತಾಡುತ್ತಿರುವಾಗ ಮಾಸ್ತರ ಜೇಬಿನಲ್ಲಿ ಗಂಟೆ ಹೊಡೆದರೆ ಎಂಬ ಹೆದರಿಕೆ. ಅವರು ಪೀಠಿಕೆ ಹಾಕಿಬಿಟ್ಟಿದ್ದರೆ ಎಂಬುದು ಇನ್ನೊಂದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮನ್ಮನೆ ಊರಿನಲ್ಲಿರುವ ಮಗಳ ಮನೆಗೆ ಹೊರಟವರು, ಹಲಸಿನ ಹಪ್ಪಳದ ಡಬ್ಬಿ ತೊಡೆಯ ಮೇಲಿಟ್ಟುಕೊಂಡಿದ್ದರು. ನಾನು ಕೇಳದಿದ್ದರೂ ಒಂದು ಹಪ್ಪಳ ತೆಗೆದುಕೊಟ್ಟರು. ಕರಿಯದ ಹಪ್ಪಳ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತೆ.

ಕೋಲಸಿರ್ಸಿ ದಾಟುವಾಗ ಮಾಸ್ತರದೇ ಫೋನು ಬಂತು. "ಆಸ್ಪತ್ರೆಗೆ ಬಾ," ಎಂದರು. ನಾನು ಸೀಟಿನಿಂದ ಎದ್ದು ನಿಂತುಬಿಟ್ಟೆ. "ಕೂಸು ಆರಾಮಿದ್ದು. ಡಾಕ್ಟರ ಹತ್ರ ಮಾತಾಡ್ತಾ ಇದ್ದು," ಎಂದದ್ದು ಆಮೇಲೆ. ಇಪ್ಪತ್ತು ವರ್ಷ ಅರ್ಥ ಹೇಳಿದವರಿಗೆ ಯಾವುದನ್ನು ಮೊದಲು ಹೇಳಬೇಕು ಎಂಬುದು ಗೊತ್ತಿರಬೇಕಿತ್ತು. ಅದನ್ನು ಅವರಿಗೆ ಹೇಳಿಯೂ ಹೇಳಿದೆ, ಆದರೆ ಒಂದು ವಾರದ ಮೇಲೆ.

ಆಸ್ಪತ್ರೆಯ ಜಗಲಿಯ ಬೆಂಚಿನಲ್ಲಿ ಮಾಸ್ತರು ಕೂತಿದ್ದರು. ಪಕ್ಕದಲ್ಲಿ ಹುಡುಗಿಯ ಅಮ್ಮ. ಪೇಟೆಯ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವವರು, ಅಳತೆ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು. ಅವರು ಶಾಲೆಗೆ ಓಡಿ ಬಂದವರು ಮೊದಲು ಕೇಳಿದ್ದು, "ಎಂತ ಮಾಡ್ಕಂಡಳು?" ಎಂದೇ ಅಂತೆ. ಮಾಸ್ತರು ಹೇಳಿದ್ದು, "ಎಂತ ಮಾಡ್ಕಳ್ಲಿಲ್ಲ ಅಮ್ಮ. ಹೇಳ್ಕಂಡಳು ಅಷ್ಟೇ."

ಡಾಕ್ಟರ ಕೋಣೆಯ ಬಾಗಿಲು ಮುಚ್ಚಿತ್ತು. ನಾವು ಹೊರಗೆ ಕೂತೆವು. ಅಮ್ಮ ಟೇಪನ್ನು ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಮಾಸ್ತರು ಮೆಲ್ಲಗೆ ವರದಿ ಒಪ್ಪಿಸಿದರು.

"ಪ್ರಯೋಗಶಾಲೆಲಿ ಕೂತ್ಗಂಡ್ಯ, ಬಾಗಿಲು ತೆಗೆದಿಟ್ಟು. ಕೇಳ್ದಿ. ಕೂಸು ನೆಲ ನೋಡ್ತಾ ಕೂತ್ಗಂಡ್ತು. ಹನ್ನೊಂದು ನಿಮಿಷ. ಗೋಡೆ ಮೇಲೆ ಗಡಿಯಾರ ಇತ್ತಲೆ."

"ನೀವು ಎಂತ ಮಾಡಿದ್ರಿ?"

"ಎರಡೂ ಕೈ ತೊಡೆ ಅಡಿಗೆ ಹಾಕ್ಕಂಡು ಕೂತ್ಗಂಡಿ. ಕೈ ಬಿಟ್ರೆ ಮಾತು ಶುರುವಾಗ್ತು ಯಂಗೆ."

ಹನ್ನೆರಡನೆಯ ನಿಮಿಷದಲ್ಲಿ ಹುಡುಗಿ, "ಹೌದು ಸರ್," ಎಂದಳಂತೆ. ಆಮೇಲೆ ತುಂಬ ಹೊತ್ತು ಅವಳೇ ಮಾತಾಡಿದಳು. ಏನು ಹೇಳಿದಳು ಎಂದು ಮಾಸ್ತರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಾಕ್ಟರಿಗೆ ಮತ್ತು ಅಮ್ಮನಿಗೆ ಗೊತ್ತಾಗಬೇಕಾದ್ದು ಗೊತ್ತಾಯಿತು, ಅಷ್ಟು ಸಾಕು. ಮಧ್ಯೆ ಒಂದು ಕಡೆ ಅವಳು, "ನಾನು ಇಲ್ಲದೇ ಇದ್ರೆ ಯಾರಿಗೆ ನಷ್ಟ ಸರ್, ಹೇಳಿ ನೋಡನ" ಎಂದು ಕೇಳಿದ್ದಳು ಎಂಬುದನ್ನು ಮಾತ್ರ ಹೇಳಿದರು.

"ಅದಕ್ಕೆ ಉತ್ತರ ಇತ್ತು ತಂಗಿ. ಒಂದು ಗಂಟೆ ಹೇಳುವಷ್ಟಿತ್ತು."

"ಎಂತ ಹೇಳಿದ್ರಿ?"

"'ನಂಗೆ ನಷ್ಟ' ಹೇಳ್ದಿ. ಮತ್ತೆ ಎಂತ ಹೇಳಲೂ ಆಯ್ದಿಲ್ಲೆ. ಕೂಸೇ, ನೀರು ತಂದು ಕೊಡ್ಲ ಸರ್ ಹೇಳಿ ಕೇಳ್ತು."

ನೀರಿಗೆ ಅವಳೊಬ್ಬಳನ್ನೇ ಕಳಿಸಿದಿರಾ ಎಂದು ಕೇಳಿದೆ, ತರಬೇತಿಯ ಅಭ್ಯಾಸ. ಇಲ್ಲ, ಇಬ್ಬರೂ ಕೂಡಿ ನಲ್ಲಿಯ ತನಕ ಹೋಗಿ ಬಂದೆವು ಎಂದರು.

ಶಾಲೆಯ ಆಡಳಿತದವರಲ್ಲಿ ಒಬ್ಬರು, ಇದನ್ನು ಇಷ್ಟಕ್ಕೇ ಬಿಡಬಹುದಿತ್ತು, ಆಸ್ಪತ್ರೆ ತನಕ ಹೋದರೆ ಶಾಲೆಯ ಹೆಸರು ಏನಾಗಬೇಕು ಎಂದು ಅಂದೇ ಸಂಜೆ ಫೋನಿನಲ್ಲಿ ಕೇಳಿದರಂತೆ. ಆ ವಾದದಲ್ಲಿ ಮಾಸ್ತರು ಪೀಠಿಕೆ ಹಾಕಿದರು, ಕೈಯನ್ನೂ ಬಿಟ್ಟರು. ನಲವತ್ತು ನಿಮಿಷ ನಡೆಯಿತು. ಆಚೆಯವರು ಆಮೇಲೆ ಆ ವಿಷಯ ಎತ್ತಿಲ್ಲ.

ಸಿದ್ದಾಪುರದ ಡಾಕ್ಟರು ಚೀಟಿ ಕೊಟ್ಟು ಮರುದಿನವೇ ಶಿರಸಿಯ ಮನೋವೈದ್ಯರ ಹತ್ತಿರ ಕಳಿಸಿದರು. ಮಾಸ್ತರೂ ಹೋದರು. ವಾರಕ್ಕೊಮ್ಮೆ ಇದ್ದ ಭೇಟಿ ಕ್ರಮೇಣ ಹದಿನೈದು ದಿನಕ್ಕೊಮ್ಮೆಯಾಯಿತು. ಔಷಧ ಶುರುವಾಯಿತು, ಮನೆಯಲ್ಲಿ ಏನೇನನ್ನು ಕೈಗೆ ಸಿಗದ ಹಾಗೆ ಇಡಬೇಕು ಎಂದು ಅಮ್ಮನಿಗೆ ಹೇಳಿಕೊಟ್ಟರು. ಹುಡುಗಿ ಎರಡು ವಾರ ಬಿಟ್ಟು ಶಾಲೆಗೆ ಬಂದಳು. ಒಂದು ದಿನದಲ್ಲಿ ಎಲ್ಲ ಸರಿಯಾಯಿತು ಎಂದು ಬರೆಯಲು ನನಗೂ ಆಸೆಯಿದೆ. ಹಾಗೇನೂ ಆಗಲಿಲ್ಲ. ಕೆಲವು ದಿನ ಬರುತ್ತಿದ್ದಳು, ಕೆಲವು ದಿನ ಬರುತ್ತಿರಲಿಲ್ಲ. ಬರದ ದಿನ ಮಾಸ್ತರು ಹತ್ತು ಗಂಟೆಯೊಳಗೆ ಹೊಲಿಗೆ ಅಂಗಡಿಯಲ್ಲಿ ಇರುತ್ತಿದ್ದರು. ಅಂಗಡಿಯವರು ಅವರಿಗೆ ಎರಡು ಅಂಗಿ ಹೊಲಿದುಕೊಟ್ಟರು, ಬರುವುದಕ್ಕೆ ಒಂದು ನೆಪ ಇರಲಿ ಎಂದು.

ತರಬೇತಿಯ ನಿಯಮದಂತೆ ಕೆಲವು ತಿಂಗಳ ಮೇಲೆ ಮತ್ತೆ ಕೇಳಬೇಕು. ಕೇಳಲು ನಾನು ಹೋದೆ. ಅದೇ ಪ್ರಯೋಗಶಾಲೆಯಲ್ಲಿ ಅವಳ ಹತ್ತಿರ ಕೂತೆ. ಸಣ್ಣ ಹುಡುಗಿ, ಜಡೆ ಬಿಗಿಯಾಗಿ ಕಟ್ಟಿದ್ದಳು, ನನ್ನನ್ನು ಅಳೆಯುವ ಹಾಗೆ ನೋಡಿದಳು. ನಾನು ಕೇಳಿದೆ, ಅವೇ ಶಬ್ದಗಳಲ್ಲಿ.

"ಇವತ್ತು ಇಲ್ಲ ಮೇಡಂ," ಎಂದಳು. "ಹೋದ ವಾರ ಒಂದಿನ ಬಂದಿತ್ತು. ಅಮ್ಮಂಗೆ ಹೇಳ್ದೆ. ರಾತ್ರಿ ಅವಳ ಹತ್ರಾನೇ ಮಲಗ್ದೆ. ಡಾಕ್ಟರಿಗೂ ಹೇಳಿದ್ವು."

"ಹೇಳಿದ್ದು ಒಳ್ಳೇದಾಯ್ತು. ಮತ್ತೆ ಬಂದ್ರೆ?"

"ಹೇಳ್ತೆ."

ಮಾತು ಮುಗಿಯಿತು ಅಂದುಕೊಂಡು ಎದ್ದೆ.

"ಮೇಡಂ, ಒಂದು ಕಂಪ್ಲೇಂಟು ಇದೆ. ಸರ್ ದಿನಾ ಮೂರ್ಮೂರು ಸಲ ನಮ್ಮ ಕ್ಲಾಸಿನ ಮುಂದೆ ಹಾಯ್ತರು. ಏನೂ ಮಾತಾಡದಿಲ್ಲ, ಕಿಟಕಿಲಿ ಇಣುಕಿ ನೋಡದು, ಹೋಗದು. ಎಲ್ರಿಗೂ ನಗು. ನೀವು ಒಂದು ಮಾತು ಹೇಳಿ."

ಮಾಸ್ತರನ್ನು ಕರೆಸಿ ಅವಳ ಎದುರಿಗೇ ಹೇಳಿದೆ. ಅವರು ಸಮರ್ಥನೆಗೆ ಬಾಯಿ ತೆರೆದರು, ಅವಳ ಮುಖ ನೋಡಿ ಮುಚ್ಚಿದರು. "ಬಿಡು, ಇನ್ನು ಬರದಿಲ್ಲ," ಎಂದರು.

ಹುಡುಗಿ ಉಗುರು ನೋಡಿಕೊಂಡಳು.

"ಪೂರ್ತಿ ಬಿಡದು ಬೇಡ ಸರ್," ಎಂದಳು. "ಎರಡನೇ ಪಿರಿಯಡ್ಡಿಗೆ ಒಂದು ಸಲ ಬನ್ನಿ. ಗಣಿತ ಅದು, ಹ್ಯಾಂಗೂ ಯಾರೂ ಬೋರ್ಡ್ ನೋಡದಿಲ್ಲ."